ಸೊನ್ನೆಯ ಲೆಕ್ಕ: ಹೊರದೇಶದ ಇಂಜೆಕ್ಷನ್ ಕಾರ್ಖಾನೆಗಳಲ್ಲಿ ಸೂಕ್ಷ್ಮಜೀವಿ ಗುಣನಿಯಂತ್ರಣ

ಬಾಯಿಯಿಂದ ನುಂಗಿದ ಔಷಧ ಹೊಟ್ಟೆಯ ಆಮ್ಲ, ಕರುಳಿನ ಒಳಪದರ, ಯಕೃತ್ತು ಇವಿಷ್ಟನ್ನೂ ದಾಟಿಯೇ ರಕ್ತ ಸೇರಬೇಕು. ಸೂಜಿಯಿಂದ ಒಳಹೊಕ್ಕ ಔಷಧಕ್ಕೆ ಈ ಕಾವಲುಗಳಲ್ಲಿ ಒಂದೂ ಅಡ್ಡ ಬರುವುದಿಲ್ಲ. ಹೀಗಾಗಿ ಮಾತ್ರೆಯಲ್ಲಿ ಒಂದು ಗ್ರಾಂಗೆ ಸಾವಿರದಷ್ಟು ಬ್ಯಾಕ್ಟೀರಿಯಾ ಇದ್ದರೂ ಔಷಧ ಗುಣಮಟ್ಟದ ಅಧಿಕೃತ ಗ್ರಂಥಗಳಾದ ಫಾರ್ಮಕೋಪಿಯಾಗಳು ಸಹಿಸಿಕೊಳ್ಳುತ್ತವೆ. ಇಂಜೆಕ್ಷನ್ ವೈಯಲ್‌ನಲ್ಲಿ ಒಂದಿದ್ದರೂ ಒಪ್ಪುವುದಿಲ್ಲ. ಆ ಒಂದೂ ಇಲ್ಲ ಎಂಬುದಕ್ಕೆ ಆಧಾರ ಒದಗಿಸುವುದು ಔಷಧ ಕಾರ್ಖಾನೆಯ ಸೂಕ್ಷ್ಮಜೀವಿ ಗುಣನಿಯಂತ್ರಣ ವಿಭಾಗದ ಹೊಣೆ. ಉದ್ಯಮದವರ ಬಾಯಲ್ಲಿ ಅದು ‘ಕ್ಯೂಸಿ ಮೈಕ್ರೋ’. ಐರ್ಲೆಂಡ್, ಅಮೆರಿಕ, ಸಿಂಗಾಪುರ, ಕೊಲ್ಲಿ ದೇಶಗಳಲ್ಲಿ ಭಾರತದಿಂದ ಹೋದ ಎಂ.ಎಸ್ಸಿ. ಪದವೀಧರರು ಈ ವಿಭಾಗಗಳಲ್ಲಿ ದುಡಿಯುತ್ತಿದ್ದಾರೆ. ಇರುವುದನ್ನು ಇದೆ ಎಂದು ತೋರಿಸುವುದು ಸುಲಭ, ಇಲ್ಲದ್ದನ್ನು ಇಲ್ಲವೆಂದು ಸಾಬೀತು ಮಾಡುವುದು ಕಷ್ಟ. ಈ ಕೆಲಸದ ನಿಯಮಗಳು, ದಿನಚರಿ, ನೇಮಕಾತಿಯ ರೀತಿ ಎಲ್ಲವೂ ಆ ಕಷ್ಟದ ಸುತ್ತಲೇ ಬೆಳೆದಿವೆ.

ಇಂಜೆಕ್ಷನ್ನಿನಿಂದ ನಿರೀಕ್ಷಿಸುವುದು ಎರಡು. ಜೀವಂತ ಸೂಕ್ಷ್ಮಜೀವಿ ಇರಬಾರದು. ಸತ್ತ ಬ್ಯಾಕ್ಟೀರಿಯಾಗಳ ವಿಷದ ಉಳಿಕೆಯೂ ಇರಬಾರದು. ಎರಡನೆಯದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಗೋಡೆಯ ಚೂರುಗಳಾದ ಎಂಡೋಟಾಕ್ಸಿನ್, ಒತ್ತಡದ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವಿನ ಬಿಸಿಗೂ ಜಗ್ಗುವುದಿಲ್ಲ. ಕುದಿಸಿ ಬಟ್ಟಿ ಇಳಿಸಿದ ನೀರನ್ನು ಕೊಟ್ಟರೂ ಕೆಲವರಿಗೆ ನಡುಕ, ಜ್ವರ ಬರುತ್ತಿದ್ದುದು ಬಹುಕಾಲ ಒಗಟಾಗಿತ್ತು. 1923ರಲ್ಲಿ ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಅದನ್ನು ಬಿಡಿಸಿದರು. ಜ್ವರಕ್ಕೆ ಕಾರಣ ಔಷಧವಲ್ಲ, ನೀರಿನಲ್ಲಿ ಬೆಳೆದು ಸತ್ತ ಬ್ಯಾಕ್ಟೀರಿಯಾಗಳು ಬಿಟ್ಟುಹೋದ ವಸ್ತು ಎಂದು ಅವರು ತೋರಿಸಿಕೊಟ್ಟರು. ಗಾಜಿನ ವೈಯಲ್‌ಗಳನ್ನು ಬರೀ ಆಟೋಕ್ಲೇವ್ ಮಾಡದೆ 250 ಡಿಗ್ರಿ ಸೆಲ್ಸಿಯಸ್ ಮೀರಿದ ಒಣ ಬಿಸಿಯ ಸುರಂಗದಲ್ಲಿ ಹಾಯಿಸುವುದು ಇಂದಿಗೂ ಇದೇ ಕಾರಣಕ್ಕೆ.

ನಿಯಮಗಳು ಪುಸ್ತಕದಿಂದ ಹುಟ್ಟಿದವಲ್ಲ, ಸಾವುಗಳಿಂದ ಹುಟ್ಟಿದವು. ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ 1972ರಲ್ಲಿ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿಸಿಕೊಂಡ ಐವರು ಸತ್ತರು. ತನಿಖೆ ನಡೆಸಿದ ಕ್ಲೋದಿಯರ್ ಸಮಿತಿ ಕಂಡುಕೊಂಡ ಕಾರಣ ಬಹಳ ಸರಳವಾಗಿತ್ತು. ಬಾಟಲಿಗಳನ್ನು ಹಿಂದಿನ ವರ್ಷ ಆಟೋಕ್ಲೇವ್ ಮಾಡುವಾಗ ಒಳಗಿನ ಗಾಳಿ ಪೂರ್ತಿ ಹೊರಹೋಗಿರಲಿಲ್ಲ. ಮೇಲಿನ ಸಾಲುಗಳಿಗೆ ತಾಗಿದ ಬಿಸಿ ತಳದ ಸಾಲಿಗೆ ತಾಗಲಿಲ್ಲ. ತಾಪಮಾನ ದಾಖಲಿಸುವ ಮುಳ್ಳು ಏರದೆ ನಿಂತದ್ದನ್ನು ಅಲ್ಲಿದ್ದವರು ಕಂಡಿದ್ದರು. ಉಪಕರಣವೇ ಕೆಟ್ಟಿರಬೇಕೆಂದು ಸುಮ್ಮನಾದರು. ಆ ಬ್ಯಾಚು ಸ್ಟೆರಿಲಿಟಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೇ ಹೊರಬಿದ್ದಿತ್ತು. ನಲವತ್ತು ವರ್ಷಗಳ ನಂತರ, 2012ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಕಾಂಪೌಂಡಿಂಗ್ ಫಾರ್ಮಸಿ ತಯಾರಿಸಿದ ಸ್ಟೀರಾಯ್ಡ್ ಇಂಜೆಕ್ಷನ್ ಬೆನ್ನುಹುರಿಯ ಬಳಿಗೆ ಶಿಲೀಂಧ್ರವನ್ನು ಹೊತ್ತೊಯ್ದಿತು. ಮರು ವರ್ಷ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಕೊಟ್ಟ ಲೆಕ್ಕದಂತೆ 20 ರಾಜ್ಯಗಳಲ್ಲಿ 753 ಮಂದಿ ಸೋಂಕಿತರು, 64 ಸಾವು. ಕೆಲವು ಲಾಟುಗಳು ಸ್ಟೆರಿಲಿಟಿ ಫಲಿತಾಂಶ ಬರುವ ಮೊದಲೇ ರವಾನೆಯಾಗಿದ್ದವು. ಒಂದು ಪ್ರಕರಣದಲ್ಲಿ ಪರೀಕ್ಷೆ ನಡೆದೂ ದೋಷ ಸಿಗಲಿಲ್ಲ, ಇನ್ನೊಂದರಲ್ಲಿ ಪರೀಕ್ಷೆಗೆ ಕಾಯುವ ತಾಳ್ಮೆಯೇ ಇರಲಿಲ್ಲ. ಇಂದಿನ ಕಟ್ಟುನಿಟ್ಟಿಗೆ ಎರಡೂ ಕಾರಣ.

ಸ್ಟೆರಿಲಿಟಿ ಪರೀಕ್ಷೆಯ ವಿಧಾನ ಅಮೆರಿಕ, ಯುರೋಪ್, ಜಪಾನ್ ಮೂರೂ ಫಾರ್ಮಕೋಪಿಯಾಗಳಲ್ಲಿ ಹೆಚ್ಚುಕಡಿಮೆ ಒಂದೇ. ಔಷಧವನ್ನು 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಸೋಸುತ್ತಾರೆ. ಪೊರೆಯ ಮೇಲೆ ಉಳಿದ ಔಷಧದ ಅಂಶವನ್ನು ತೊಳೆದು ತೆಗೆದು, ಎರಡು ಬಗೆಯ ಪೋಷಕ ದ್ರವ ತುಂಬುತ್ತಾರೆ. ಥಯೋಗ್ಲೈಕೊಲೇಟ್ ದ್ರವ 30ರಿಂದ 35 ಡಿಗ್ರಿಯಲ್ಲಿ, ಸೋಯಾಬೀನ್ ಕೇಸೀನ್ ದ್ರವ 20ರಿಂದ 25 ಡಿಗ್ರಿಯಲ್ಲಿ 14 ದಿನ ಕೂರುತ್ತದೆ. ಕಲಕಿದಂತೆ ಕಂಡರೆ ಬೆಳವಣಿಗೆ ಆಗಿದೆ ಎಂದರ್ಥ. ತಿಳಿಯಾಗಿಯೇ ಉಳಿದರೆ ಪಾಸ್. ಬ್ಯಾಚು ಎಷ್ಟೇ ದೊಡ್ಡದಿರಲಿ, ಸಣ್ಣ ವೈಯಲ್‌ಗಳಾದರೆ ಪರೀಕ್ಷೆಗೆ ಸಾಮಾನ್ಯವಾಗಿ 20 ಸಾಕು.

ಈ ಇಪ್ಪತ್ತರ ಗಣಿತವನ್ನು ಬಿಡಿಸಿ ನೋಡಬೇಕು. ಹತ್ತು ಸಾವಿರ ವೈಯಲ್‌ಗಳ ಬ್ಯಾಚಿನಲ್ಲಿ ನೂರು ಕಲುಷಿತವಾಗಿವೆ ಎಂದುಕೊಂಡರೆ, ಕಣ್ಣುಮುಚ್ಚಿ ಎತ್ತಿಕೊಂಡ ಇಪ್ಪತ್ತರಲ್ಲಿ ಅವುಗಳ ಪೈಕಿ ಒಂದಾದರೂ ಸಿಕ್ಕುವ ಸಾಧ್ಯತೆ ಶೇ. 18. ಅಂದರೆ ಇಂಥ ಐದು ಬ್ಯಾಚುಗಳಲ್ಲಿ ನಾಲ್ಕು ಪರೀಕ್ಷೆ ದಾಟಿ ಮಾರುಕಟ್ಟೆಗೆ ಹೋಗುತ್ತವೆ. ಕಲುಷಿತವಾದವು ಹತ್ತೇ ಆಗಿದ್ದರೆ ಸಿಕ್ಕಿಬೀಳುವ ಸಾಧ್ಯತೆ ಶೇ. 2. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡುವುದು ನಡೆಯುತ್ತದೆ, ಏಕೆಂದರೆ ಇಡೀ ಪಾತ್ರೆ ಒಂದೇ ಕುದಿಯಲ್ಲಿ ಬೆಂದಿರುತ್ತದೆ. ತುಂಬುವ ಯಂತ್ರದಿಂದ ಒಂದೊಂದಾಗಿ ಬರುವ ವೈಯಲ್‌ಗಳಿಗೆ ಅಂಥ ಒಡನಾಟವಿಲ್ಲ. ಉಷ್ಣದಿಂದ ಕ್ರಿಮಿಶುದ್ಧಿ ಮಾಡಿದ ಔಷಧದಿಂದ ಕೇಳುವ ಭರವಸೆ ಹತ್ತು ಲಕ್ಷ ವೈಯಲ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಡಬಾರದೆಂಬುದು. ಇಪ್ಪತ್ತು ವೈಯಲ್ ನೋಡಿ ಆ ಮಾತು ಹೇಳಲಾಗದು. ಆದ್ದರಿಂದ ಈ ಪರೀಕ್ಷೆಯನ್ನು ಗುಣಮಟ್ಟದ ಪುರಾವೆ ಎನ್ನುವುದಕ್ಕಿಂತ, ಕಾನೂನು ಬಿಡದ ಕೊನೆಯ ಔಪಚಾರಿಕ ಹೆಜ್ಜೆ ಎನ್ನುವುದು ಸರಿ. ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಪರೀಕ್ಷೆ ಫೇಲಾದರೆ, ತಪ್ಪು ಪ್ರಯೋಗಾಲಯದ್ದೇ ಎಂದು ನಿಸ್ಸಂಶಯವಾಗಿ ತೋರಿಸದ ಹೊರತು ಮರುಪರೀಕ್ಷೆಗೆ ಅವಕಾಶವಿಲ್ಲ. ಇಡೀ ಬ್ಯಾಚು ಕಸಕ್ಕೆ. ಪಾಸಾಗುವ ತನಕ ಮತ್ತೆ ಮತ್ತೆ ಪರೀಕ್ಷಿಸುವ ಚಾಳಿಯನ್ನು ಅಮೆರಿಕದ ನ್ಯಾಯಾಲಯವೊಂದು 1993ರ ಬಾರ್ ಲ್ಯಾಬೊರೇಟರೀಸ್ ಮೊಕದ್ದಮೆಯಲ್ಲಿ ತಳ್ಳಿಹಾಕಿದ ಮೇಲೆ, ಮಿತಿಯಿಂದ ಹೊರಬಿದ್ದ ಪ್ರತಿ ಫಲಿತಾಂಶಕ್ಕೂ ಲಿಖಿತ ತನಿಖೆ ಎಲ್ಲೆಡೆ ರೂಢಿಯಾಯಿತು.

ಭರವಸೆ ಕೊನೆಯ ಪರೀಕ್ಷೆಯಿಂದ ಬರುವುದಿಲ್ಲ ಎಂದಮೇಲೆ ತಯಾರಿಕೆಯಿಂದಲೇ ಬರಬೇಕು. ಉಪ್ಪುನೀರು, ಗ್ಲೂಕೋಸಿನಂಥವನ್ನು ಬಾಟಲಿಗೆ ತುಂಬಿ ಮುಚ್ಚಿದ ನಂತರ 121 ಡಿಗ್ರಿಯಲ್ಲಿ 15 ನಿಮಿಷ ಇಟ್ಟರೆ ಹೆಚ್ಚಿನ ಚಿಂತೆ ತೀರಿತು. ಇನ್ಸುಲಿನ್, ಲಸಿಕೆ, ಕ್ಯಾನ್ಸರಿನ ಆಂಟಿಬಾಡಿಗಳು ಆ ಬಿಸಿ ತಡೆಯವು. ಅವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮೊದಲೇ ಶುದ್ಧಗೊಳಿಸಿದ ವೈಯಲ್‌ಗಳಿಗೆ ಶುದ್ಧ ಗಾಳಿಯ ಕೆಳಗೆ ತುಂಬಬೇಕು. ಇದು ಅಸೆಪ್ಟಿಕ್ ವಿಧಾನ. ಇಲ್ಲಿ ಸೋಸಿದ ಮೇಲೆ ಬಂದ ಕೊಳೆಯನ್ನು ತೆಗೆಯುವ ಇನ್ನೊಂದು ಹಂತವೇ ಇಲ್ಲ. ಕೋಣೆಯ ಗಾಳಿ, ಮೇಜು, ಕೈಗವಸು, ಮನುಷ್ಯರ ಚಲನೆ ಇವೆಲ್ಲ ಔಷಧದ ಗುಣಮಟ್ಟದ ಭಾಗವಾಗುತ್ತವೆ. ಕ್ಯೂಸಿ ಮೈಕ್ರೋದವರ ಬಹುಪಾಲು ವೇಳೆ ಔಷಧವನ್ನು ಪರೀಕ್ಷಿಸುವುದರಲ್ಲಿ ಅಲ್ಲ, ಕೋಣೆಯನ್ನೂ ಅದರಲ್ಲಿ ಓಡಾಡುವವರನ್ನೂ ಪರೀಕ್ಷಿಸುವುದರಲ್ಲಿ ಕಳೆಯುತ್ತದೆ.

ಯುರೋಪಿನಲ್ಲಿ ಇದಕ್ಕೆಲ್ಲ ಆಧಾರಗ್ರಂಥ ಉತ್ತಮ ತಯಾರಿಕಾ ಪದ್ಧತಿಯ ನಿಯಮಾವಳಿಯ ‘ಅನೆಕ್ಸ್ 1’. ಹೊಸ ಪರಿಷ್ಕರಣೆ 2022ರ ಆಗಸ್ಟ್‌ನಲ್ಲಿ ಪ್ರಕಟವಾಗಿ 2023ರ ಆಗಸ್ಟ್ 25ರಿಂದ ಜಾರಿಗೆ ಬಂತು. ಕೋಣೆಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಗಳಾಗಿ ವಿಂಗಡಿಸಲಾಗಿದೆ. ವೈಯಲ್ ಬಾಯ್ತೆರೆದು ನಿಲ್ಲುವ ಜಾಗ ಎ ದರ್ಜೆ. ಅಲ್ಲಿ ಫಿಲ್ಟರಾದ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಂದೇ ದಿಕ್ಕಿಗೆ ಹರಿಯುತ್ತದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲಿಸ್ ವಿಟ್‌ಫೀಲ್ಡ್ 1960ರ ದಶಕದ ಆರಂಭದಲ್ಲಿ ಬೇರೆಯೇ ಉದ್ಯಮಕ್ಕೆಂದು ರೂಪಿಸಿದ ತಂತ್ರ ಇದು. ಎ ದರ್ಜೆಯಲ್ಲಿ ಗಾಳಿ, ಮೇಲ್ಮೈ, ಕೈಗವಸು ಎಲ್ಲಿಂದ ತೆಗೆದ ಮಾದರಿಯಲ್ಲೂ ಬೆಳವಣಿಗೆ ಕಾಣಬಾರದು. ಸುತ್ತಲಿನ ಬಿ ದರ್ಜೆಯಲ್ಲಿ ಒಂದು ಘನ ಮೀಟರ್ ಗಾಳಿಗೆ 10 ಕಾಲೊನಿ, ಮೇಲ್ಮೈಗೆ ಒತ್ತಿ ತೆಗೆಯುವ ಒಂದು ಕಾಂಟ್ಯಾಕ್ಟ್ ಪ್ಲೇಟಿಗೆ 5 ಮಿತಿ.

ಕ್ಲೀನ್‌ರೂಮಿಗೆ ಹೋಗುವುದೇ ಒಂದು ವಿಧಿ. ವಾಚು, ಉಂಗುರ, ಮೇಕಪ್, ಮೊಬೈಲ್ ಯಾವುದೂ ಒಳಗಿಲ್ಲ. ಕೈ ತೊಳೆದು, ಕಾರ್ಖಾನೆಯ ಒಳಉಡುಪು ತೊಟ್ಟು, ಬೆಂಚಿನ ಆಚೆಗೆ ಕಾಲು ದಾಟಿಸಿ, ಮೊದಲ ಜೋಡಿ ಕೈಗವಸು, ತಲೆಗವಸು, ಮುಖಗವಸು, ನೆಲ ತಾಗದಂತೆ ಹಿಡಿದು ತೊಡುವ ಪೂರ್ಣ ಮೇಲುಡುಪು, ಮೊಣಕಾಲಿನವರೆಗಿನ ಬೂಟು, ಕನ್ನಡಕ, ಎರಡನೇ ಜೋಡಿ ಕೈಗವಸು. ಕೆಲಸ ಮುಗಿಸಿ ಹೊರಬರುವಾಗ ಹತ್ತೂ ಬೆರಳುಗಳನ್ನು ಅಗರ್ ಪ್ಲೇಟಿಗೆ ಒತ್ತಿಸಿಕೊಳ್ಳುತ್ತಾರೆ. ತೋಳು, ಎದೆ, ಹಣೆಯ ಭಾಗದ ಬಟ್ಟೆಗೆ 55 ಮಿಲಿಮೀಟರಿನ ಕಾಂಟ್ಯಾಕ್ಟ್ ಪ್ಲೇಟ್ ತಾಗಿಸುತ್ತಾರೆ. ಈ ವೇಷ ಧರಿಸುವ ಅರ್ಹತೆಯನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಸಾಬೀತುಪಡಿಸಬೇಕು. ನೆಗಡಿ, ಚರ್ಮದ ಉರಿ, ಗಾಯ ಇದ್ದವರು ತಾವಾಗಿಯೇ ಹೇಳಿ ಹೊರಗುಳಿಯಬೇಕು. ರಜೆ ಕಡಿತವಾದೀತೆಂದು ಕೆಮ್ಮನ್ನು ಅದುಮಿಕೊಂಡು ಕೆಲಸಕ್ಕೆ ಬರುವ ಅಭ್ಯಾಸ ಇರುವವರು ಮೊದಲು ಮರೆಯಬೇಕಾದದ್ದು ಅದನ್ನೇ.

ಪ್ಲೇಟುಗಳು ಹೇಳುವ ಕಥೆ ಹೆಚ್ಚಾಗಿ ಮನುಷ್ಯನದೇ. ಮೈಕ್ರೊಕಾಕಸ್, ಸ್ಟ್ಯಾಫಿಲೊಕಾಕಸ್ ಸಿಕ್ಕರೆ ಯಾರದೋ ಚರ್ಮದಿಂದ ಬಂದದ್ದು. ಬೆಸಿಲಸ್ ಸಿಕ್ಕರೆ ರಟ್ಟಿನ ಪೆಟ್ಟಿಗೆ, ಗಾಲಿಗಾಡಿ, ಮಣ್ಣಿನತ್ತ ನೋಡಬೇಕು. ಅದರ ಸ್ಪೋರುಗಳು ಶೇ. 70ರ ಆಲ್ಕೊಹಾಲಿಗೆ ಸಾಯುವುದಿಲ್ಲ, ಸ್ಪೋರ್ ಕೊಲ್ಲುವ ದ್ರಾವಣವೇ ಬೇಕು. ಸ್ಯೂಡೊಮೊನಾಸ್, ರಾಲ್‌ಸ್ಟೋನಿಯಾ, ಬರ್ಕ್‌ಹೋಲ್ಡೇರಿಯಾ ಕಂಡರೆ ಎಲ್ಲೋ ನೀರು ನಿಂತಿದೆ. ಎ ದರ್ಜೆಯಲ್ಲಿ ಕೆಲಸ ಮಾಡಿದವರ ಎಡಗೈ ಹೆಬ್ಬೆರಳಿನ ಗುರುತಿನಲ್ಲಿ ಒಂದೇ ಒಂದು ಹಳದಿ ಚುಕ್ಕೆ ಎದ್ದಿದೆ ಎನ್ನಿ. ಪ್ಲೇಟಿನ ಫೋಟೊ ತೆಗೆದು, ಎರಡನೆಯವರಿಂದ ಎಣಿಸಿ ಸಹಿ ಮಾಡಿಸಿ, ‘ಡೀವಿಯೇಶನ್’ ಎಂಬ ಲಿಖಿತ ತನಿಖೆ ತೆರೆಯಬೇಕು. ಗ್ರಾಮ್ ಸ್ಟೇನ್ ಆಗಿ, ಮಾಲ್ಡಿ-ಟಾಫ್ ಯಂತ್ರದಲ್ಲಿ ಜೀವಿಯ ಹೆಸರು ತಿಳಿಯಬೇಕು. ಆ ವ್ಯಕ್ತಿ ಆ ಪಾಳಿಯಲ್ಲಿ ಯಂತ್ರದ ಯಾವ ಬಾಗಿಲು ತೆರೆದರು, ಬಿದ್ದ ವೈಯಲ್ ಎತ್ತಿದ್ದು ಕೈಯಿಂದಲೋ ಚಿಮಟದಿಂದಲೋ ಎಂಬುದನ್ನು ವಿಡಿಯೊ ತಿರುಗಿಸಿ ನೋಡುತ್ತಾರೆ. ಕಳೆದ ತಿಂಗಳುಗಳಲ್ಲಿ ಅದೇ ಜೀವಿ ಬೇರೆಲ್ಲಿ ಕಂಡಿತ್ತು ಎಂದು ಪಟ್ಟಿ ಹುಡುಕುತ್ತಾರೆ. ಒಂದು ಚುಕ್ಕೆಯಿಂದ ಕೋಟಿಗಟ್ಟಲೆ ರೂಪಾಯಿ ಬೆಲೆಯ ಬ್ಯಾಚು ವಾರಗಳ ಕಾಲ ಗೋದಾಮಿನಲ್ಲಿ ನಿಲ್ಲಬಹುದು. ಉತ್ಪಾದನಾ ವಿಭಾಗದವರಿಗೆ ಮೈಕ್ರೋದವರ ಮೇಲೆ ಸದಾ ಒಂದು ಮುನಿಸು ಇರುವುದು ಏಕೆಂದು ಬೇರೆ ಹೇಳಬೇಕಿಲ್ಲ.

ಇಡೀ ವ್ಯವಸ್ಥೆಯನ್ನು ಒಮ್ಮೆಗೇ ಒರೆಗೆ ಹಚ್ಚುವುದು ಮೀಡಿಯಾ ಫಿಲ್. ಔಷಧದ ಜಾಗದಲ್ಲಿ ಪೋಷಕ ದ್ರವವನ್ನೇ ವೈಯಲ್‌ಗಳಿಗೆ ತುಂಬಿ, ಎಲ್ಲವನ್ನೂ ಬೆಚ್ಚಗಿಟ್ಟು, ಒಂದೊಂದನ್ನೂ ಕಣ್ಣಿನಿಂದ ನೋಡುತ್ತಾರೆ. ಯಂತ್ರ ನಿಲ್ಲಿಸುವುದು, ಪಾಳಿ ಬದಲಾಗುವುದು, ಬಿದ್ದ ವೈಯಲ್ ತೆಗೆಯುವುದು, ಹೀಗೆ ದಿನನಿತ್ಯ ಆಗುವ ಅಡಚಣೆಗಳನ್ನೆಲ್ಲ ಬೇಕೆಂದೇ ಸೇರಿಸಿಕೊಳ್ಳುತ್ತಾರೆ. ಪ್ರತಿ ತುಂಬುವ ಸಾಲಿಗೆ ಆರು ತಿಂಗಳಿಗೊಮ್ಮೆ ಇದು ಆಗಬೇಕು. ಕೋಣೆಗೆ ಹೋಗುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಇದರಲ್ಲಿ ಭಾಗಿಯಾಗಬೇಕು. ಅನೆಕ್ಸ್ 1ರ ಗುರಿ ಸೊನ್ನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಐದರಿಂದ ಹತ್ತು ಸಾವಿರ ವೈಯಲ್‌ಗಳಲ್ಲಿ ಒಂದು ಕಲಕಿದರೆ ತನಿಖೆ, ಎರಡು ಕಲಕಿದರೆ ಕಾರಣ ಹುಡುಕಿ ಸರಿಪಡಿಸಿ ಹೊಸದಾಗಿ ಅರ್ಹತೆ ಸಾಬೀತು ಮಾಡಬೇಕು. ಇಲ್ಲಿ ಕಾಣುವ ಸೊನ್ನೆಗೆ ಇಪ್ಪತ್ತು ವೈಯಲ್‌ಗಳ ಸೊನ್ನೆಗಿಂತ ಎಷ್ಟೋ ಪಾಲು ಹೆಚ್ಚು ತೂಕ.

ಎಂಡೋಟಾಕ್ಸಿನ್ ಪರೀಕ್ಷೆಯ ಚರಿತ್ರೆ ಬೇರೊಂದು ದಿಕ್ಕಿನದು. ಔಷಧವನ್ನು ಮೊಲಕ್ಕೆ ಚುಚ್ಚಿ ಜ್ವರ ನೋಡುವ ಕ್ರಮವನ್ನು ಅಮೆರಿಕದ ಫಾರ್ಮಕೋಪಿಯಾ 1942ರಲ್ಲಿ ಒಪ್ಪಿಕೊಂಡಿತು. ಅಟ್ಲಾಂಟಿಕ್ ತೀರದ ಕುದುರೆಲಾಳ ಏಡಿಯ ನೀಲಿ ರಕ್ತ ಬ್ಯಾಕ್ಟೀರಿಯಾದ ವಿಷ ತಾಗಿದೊಡನೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಫ್ರೆಡ್ರಿಕ್ ಬ್ಯಾಂಗ್, ಜ್ಯಾಕ್ ಲೆವಿನ್ ಕಂಡುಕೊಂಡ ಮೇಲೆ ಮೊಲ ಹಿಂದೆ ಸರಿಯಿತು. ಏಡಿಯ ರಕ್ತಕಣದ ಸಾರಕ್ಕೆ ಎಫ್‌ಡಿಎ ಪರವಾನಗಿ ಕೊಟ್ಟದ್ದು 1977ರಲ್ಲಿ. ಅದರ ಅತಿ ಸರಳ ರೂಪದಲ್ಲಿ ಔಷಧವನ್ನೂ ಸಾರವನ್ನೂ ಪುಟ್ಟ ಕೊಳವೆಯಲ್ಲಿ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮಗುಚುತ್ತಾರೆ. ಹೆಪ್ಪು ಜಾರದೆ ನಿಂತರೆ ಎಂಡೋಟಾಕ್ಸಿನ್ ಇದೆ. ಈಗ ಹೆಚ್ಚಿನ ಕಡೆ ಬಣ್ಣದ ಬದಲಾವಣೆಯನ್ನು ಯಂತ್ರವೇ ಅಳೆಯುತ್ತದೆ. ರಕ್ತನಾಳಕ್ಕೆ ಕೊಡುವ ಔಷಧಕ್ಕೆ ದೇಹತೂಕದ ಕಿಲೋಗೆ ಗಂಟೆಗೆ 5 ಯೂನಿಟ್ ಮಿತಿ, ಬೆನ್ನುಹುರಿಯ ದ್ರವಕ್ಕೆ ಕೊಡುವುದಕ್ಕೆ 0.2 ಮಾತ್ರ. ರಕ್ತ ತೆಗೆಸಿಕೊಂಡ ಏಡಿಗಳನ್ನು ಕಡಲಿಗೆ ಮರಳಿಸಿದರೂ ಒಂದು ಪಾಲು ಸಾಯುತ್ತವೆ. ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ ದಂಪತಿ ಎಂಡೋಟಾಕ್ಸಿನ್ ಗುರುತಿಸುವ, ಏಡಿಯ ‘ಫ್ಯಾಕ್ಟರ್ ಸಿ’ಯನ್ನು ಜೀನ್ ತಂತ್ರದಿಂದ ತಯಾರಿಸಿ ದಾರಿ ತೋರಿದರು. ಯುರೋಪಿನ ಫಾರ್ಮಕೋಪಿಯಾ ಅದಕ್ಕೆ 2021ರಲ್ಲಿ ಪ್ರತ್ಯೇಕ ಅಧ್ಯಾಯ ಕೊಟ್ಟಿತು, ಅಮೆರಿಕದ್ದು 2025ರಲ್ಲಿ. ದಶಕಗಳ ಹಿಂದೆಯೇ ಸಿದ್ಧವಿದ್ದ ಪರ್ಯಾಯಕ್ಕೆ ಇಷ್ಟು ಕಾಲ ಹಿಡಿದದ್ದು ವಿಜ್ಞಾನದ ಕೊರತೆಯಿಂದಲ್ಲ. ಒಪ್ಪಿತ ವಿಧಾನ ಬದಲಿಸಿ ಪ್ರತಿ ಔಷಧಕ್ಕೂ ದಾಖಲೆ ಹೊಸದಾಗಿ ಸಲ್ಲಿಸುವ ತಾಪತ್ರಯ ಯಾರಿಗೂ ಬೇಡವಾಗಿತ್ತು.

ನೀರಿನ ಪರೀಕ್ಷೆ ಹೊಸಬರ ಪಾಲಿನ ಕೆಲಸ. ಇಂಜೆಕ್ಷನ್ನಿಗೆ ಬಳಸುವ ನೀರಿನಲ್ಲಿ 100 ಮಿಲಿಲೀಟರಿಗೆ 10 ಕಾಲೊನಿ, ಮಿಲಿಲೀಟರಿಗೆ 0.25 ಯೂನಿಟ್ ಎಂಡೋಟಾಕ್ಸಿನ್ ಮೀರಬಾರದು. ಕಾರ್ಖಾನೆಯುದ್ದಕ್ಕೂ ಇರುವ ನಲ್ಲಿಗಳಿಂದ ದಿನವೂ ಮಾದರಿ ಹಿಡಿದು, ಸೋಸಿ, ಆರ್‌2ಎ ಅಗರ್ ಮೇಲಿಟ್ಟು ಐದು ದಿನ ಕಾಯುವುದರಲ್ಲಿ ಆಕರ್ಷಣೆ ಏನೂ ಇಲ್ಲ. ಮಾದರಿ ಹಿಡಿಯುವ ಮೊದಲು ನಲ್ಲಿಯನ್ನು ಉತ್ಪಾದನೆಯವರು ಹರಿಬಿಡುವಷ್ಟೇ ಹೊತ್ತು ಹರಿಬಿಡಬೇಕು; ಒಳ್ಳೆಯ ಫಲಿತಾಂಶ ಬರಲೆಂದು ಹೆಚ್ಚು ಹೊತ್ತು ಬಿಟ್ಟರೆ ಅದು ಮೋಸವೇ.

ಇಲ್ಲಿಂದ ಮಾತು ದಾಖಲೆಗೆ ಬರುತ್ತದೆ. ರಾಸಾಯನಿಕ ಪ್ರಯೋಗಾಲಯದಲ್ಲಿ ಯಂತ್ರವೇ ಅಂಕಿ ಬರೆದಿಡುತ್ತದೆ, ಬೇಕಾದಾಗ ತೆರೆದು ನೋಡಬಹುದು. ಅಗರ್ ಪ್ಲೇಟನ್ನು ಎಣಿಸಿ ಆಟೋಕ್ಲೇವಿಗೆ ಹಾಕಿದ ಮೇಲೆ ಉಳಿಯುವುದು ಎಣಿಸಿದವರ ಮಾತು ಮಾತ್ರ. ಪ್ಲೇಟಿನಲ್ಲಿ ಕಾಲೊನಿ ಇದ್ದರೂ ಪುಸ್ತಕದಲ್ಲಿ ಸೊನ್ನೆ ಬರೆದದ್ದನ್ನು ಎಫ್‌ಡಿಎ ತಪಾಸಣಾಧಿಕಾರಿಗಳು ಇನ್‌ಕ್ಯುಬೇಟರ್ ತೆರೆದು ನೋಡಿ ಪತ್ತೆಮಾಡಿದ ಪ್ರಸಂಗಗಳು ಅವರ ಎಚ್ಚರಿಕೆ ಪತ್ರಗಳಲ್ಲಿ ಬಂದಿವೆ, ಭಾರತದ ಕಾರ್ಖಾನೆಗಳಿಗೆ ಬರೆದವೂ ಅವುಗಳಲ್ಲಿ ಇವೆ. ವರ್ಷಗಟ್ಟಲೆ ಒಂದೂ ಕಾಲೊನಿ ತೋರದ ಸಿ, ಡಿ ದರ್ಜೆಯ ಕೋಣೆಗಳ ಪಟ್ಟಿ ನೋಡಿದರೆ ಅನುಭವಿ ತಪಾಸಣಾಧಿಕಾರಿಗೆ ನೆಮ್ಮದಿಯಾಗುವುದಿಲ್ಲ, ಅನುಮಾನ ಬರುತ್ತದೆ. ಪೋಷಕ ದ್ರವ್ಯ ಜೀವ ಬೆಳೆಸಲು ತಕ್ಕದ್ದೇ ಎಂಬುದನ್ನು ನೂರಕ್ಕಿಂತ ಹೆಚ್ಚಿಲ್ಲದ ಪರಿಚಿತ ಜೀವಿಗಳನ್ನು ಹಾಕಿ ತೋರಿಸಬೇಕೆಂಬ ನಿಯಮ ಇರುವುದು ಇದಕ್ಕೇ. ಏನೂ ಬೆಳೆಯದ ಅಗರ್ ಕೊಡುವ ಸೊನ್ನೆಗೆ ಬೆಲೆಯಿಲ್ಲ. ಎಣಿಸಿದ ಕ್ಷಣದಲ್ಲೇ ಬರೆಯುವುದು, ತಿದ್ದಿದರೆ ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು ಕಾರಣ, ಸಹಿ, ತಾರೀಖು ಹಾಕುವುದು, ಎರಡನೆಯವರು ಪ್ಲೇಟನ್ನೇ ನೋಡಿ ದೃಢಪಡಿಸುವುದು ಇವನ್ನು ಹೊರದೇಶಗಳಲ್ಲಿ ಸಂದರ್ಶನದಲ್ಲೇ ಕೆದಕಿ ಕೇಳುತ್ತಾರೆ. ‘ತಪ್ಪಾಗಿದೆ ಎಂದು ಗೊತ್ತಾದಾಗ ಏನು ಮಾಡಿದಿರಿ’ ಎಂಬ ಪ್ರಶ್ನೆಗೆ ‘ತಪ್ಪೇ ಆಗಿಲ್ಲ’ ಎನ್ನುವವರು ಕೆಲಸ ಕಳೆದುಕೊಂಡಂತೆಯೇ.

ಕೆಲಸ ಎಲ್ಲಿದೆ ಎಂಬುದಕ್ಕೆ ಐರ್ಲೆಂಡ್ ಒಳ್ಳೆಯ ಉದಾಹರಣೆ. 1969ರಲ್ಲಿ ಫೈಜರ್ ಕಾರ್ಕ್ ಬಳಿಯ ರಿಂಗಸ್ಕಿಡ್ಡಿಗೆ ಬಂದಂದಿನಿಂದ, ಕಡಿಮೆ ಕಂಪನಿ ತೆರಿಗೆ ಮತ್ತು ಇಂಗ್ಲಿಷ್ ಬಲ್ಲ ಪದವೀಧರರ ಬಲದ ಮೇಲೆ, ಆ ಪುಟ್ಟ ದೇಶ ಔಷಧ ಕಾರ್ಖಾನೆಗಳ ಬೀಡಾಯಿತು. ಪಶ್ಚಿಮ ತೀರದ ವೆಸ್ಟ್‌ಪೋರ್ಟ್‌ನಲ್ಲಿ ಬೋಟಾಕ್ಸ್, ವಾಟರ್‌ಫೋರ್ಡ್‌ನಲ್ಲಿ ಇನ್ಸುಲಿನ್, ಕಾರ್ಲೋದಲ್ಲಿ ಲಸಿಕೆ ಮತ್ತು ಜೈವಿಕ ಔಷಧ, ಡಬ್ಲಿನ್ ಪಕ್ಕದ ಡನ್‌ಲಿಯರಿಯಲ್ಲಿ ಆಂಟಿಬಾಡಿ ತುಂಬುವ ಘಟಕ. ಯುರೋಪಿನ ಕಾನೂನೂ ಕೆಲಸ ಹುಟ್ಟಿಸುತ್ತದೆ. ಒಕ್ಕೂಟದ ಹೊರಗಿನಿಂದ ಬರುವ ಪ್ರತಿ ಬ್ಯಾಚನ್ನೂ ಒಕ್ಕೂಟದೊಳಗೆ ಮತ್ತೆ ಪರೀಕ್ಷಿಸಿ, ‘ಕ್ವಾಲಿಫೈಡ್ ಪರ್ಸನ್’ ಎಂಬ ಹೊಣೆಗಾರರು ಸಹಿ ಹಾಕಿದ ಮೇಲಷ್ಟೇ ಬಿಡುಗಡೆ. ಅಮೆರಿಕ, ಜಪಾನ್, ಸ್ವಿಟ್ಜರ್‌ಲೆಂಡ್‌ನಂಥ ದೇಶಗಳಿಗೆ ಪರಸ್ಪರ ಒಪ್ಪಂದದಿಂದ ವಿನಾಯಿತಿ ಇದೆ. ಭಾರತಕ್ಕೆ ಇಲ್ಲ. ಹೀಗಾಗಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಸ್ಟೆರಿಲಿಟಿ ಪಾಸಾದ ಇಂಜೆಕ್ಷನ್ ಯುರೋಪಿನ ಪ್ರಯೋಗಾಲಯದಲ್ಲಿ ಇನ್ನೊಮ್ಮೆ 14 ದಿನ ಕೂರುತ್ತದೆ. ಅದನ್ನು ದಿನವೂ ಎತ್ತಿ ಬೆಳಕಿಗೆ ಹಿಡಿದು ನೋಡುವವರು ಭಾರತದಿಂದಲೇ ಹೋದವರಾಗಿರಲೂಬಹುದು.

ಐರ್ಲೆಂಡಿನ ಕ್ರಿಟಿಕಲ್ ಸ್ಕಿಲ್ಸ್ ಉದ್ಯೋಗ ಪರ್ಮಿಟ್ ಪಟ್ಟಿಯಲ್ಲಿ ತಯಾರಿಕಾ ಕ್ಷೇತ್ರದ ಜೀವವಿಜ್ಞಾನಿಗಳಿಗೆ ಸ್ಥಾನವಿದೆ. ಎರಡು ವರ್ಷದ ನೌಕರಿಯ ಕರಾರು, ಸಂಬಂಧಪಟ್ಟ ಪದವಿ, ಕನಿಷ್ಠ ಸಂಬಳ ಇವು ಷರತ್ತುಗಳು. ಸಂಗಾತಿಗೂ ದುಡಿಯುವ ಹಕ್ಕು ಸಿಗುತ್ತದೆ. ನೇಮಕಾತಿ ಏಜೆನ್ಸಿಯ ಹೆಸರಿನಲ್ಲಿ ಬಂದ ಆಫರ್ ಈ ಪರ್ಮಿಟ್ಟಿಗೆ ನಡೆಯುವುದಿಲ್ಲ, ನೇರ ಉದ್ಯೋಗದಾತರೇ ಬೇಕು. ಕ್ಯೂಸಿ ಮೈಕ್ರೋದ ಆರಂಭದ ಹುದ್ದೆಗಳಲ್ಲಿ ಬಹಳಷ್ಟು ಏಜೆನ್ಸಿ ಮೂಲಕದ ಕರಾರಿನವೇ ಆಗಿರುವುದರಿಂದ ಈ ಒಂದು ಸಾಲು ಅನೇಕರ ಲೆಕ್ಕಾಚಾರ ತಪ್ಪಿಸುತ್ತದೆ. ಹೆಚ್ಚಿನವರು ಹಿಡಿಯುವ ದಾರಿ ಅಲ್ಲಿಯೇ ಒಂದು ವರ್ಷದ ಎಂ.ಎಸ್ಸಿ. ಮಾಡಿ, ಓದಿನ ನಂತರ ಸಿಗುವ ಅವಧಿಯಲ್ಲಿ ಕೆಲಸ ಹುಡುಕುವುದು. ಭಾರತದಲ್ಲಿ ಎಫ್‌ಡಿಎ ಅನುಮೋದಿತ ಘಟಕದಲ್ಲಿ ಮೂರ್ನಾಲ್ಕು ವರ್ಷ ಮೀಡಿಯಾ ಫಿಲ್, ಪರಿಸರ ನಿಗಾ, ಡೀವಿಯೇಶನ್ ಬರವಣಿಗೆ ಮಾಡಿದವರಿಗೆ ಆ ಪದವಿಯಿಂದ ಕಲಿಯುವುದಕ್ಕೆ ಹೆಚ್ಚೇನಿಲ್ಲ. ಅವರು ಶುಲ್ಕ ಕೊಡುವುದು ಬಾಗಿಲು ತೆರೆಯಲಿಕ್ಕೆ. ಅಮೆರಿಕದಲ್ಲಿ ಬಾಗಿಲಿನ ಆಚೆ ಎಚ್-1ಬಿ ವೀಸಾದ ಲಾಟರಿ ಕಾದಿರುತ್ತದೆ. ಜರ್ಮನಿಯಲ್ಲಿ ವೀಸಾ ಸುಲಭವಾದರೂ ಕಾರ್ಯವಿಧಾನದ ಪತ್ರಗಳೆಲ್ಲ ಜರ್ಮನ್ ಭಾಷೆಯಲ್ಲೇ ಇರುವ ಕಾರ್ಖಾನೆಗಳು ಹೆಚ್ಚು. ಸಿಂಗಾಪುರದ ಟುವಾಸ್, ಅರಬ್ ಎಮಿರೇಟ್ಸ್‌ನ ರಾಸ್ ಅಲ್ ಖೈಮಾ ಹತ್ತಿರದ ಆಯ್ಕೆಗಳು. ಬೆಂಗಳೂರಿನ ಬಯೋಕಾನ್ ಮಲೇಷ್ಯಾದ ಜೊಹೊರ್‌ನಲ್ಲಿ ಇನ್ಸುಲಿನ್ ಕಾರ್ಖಾನೆ ಕಟ್ಟಿದ ಮೇಲೆ, ಕರ್ನಾಟಕದ ಕಂಪನಿಯೇ ಹೊರದೇಶದ ಉದ್ಯೋಗದಾತನೂ ಆಯಿತು.

ಭಾರತದಲ್ಲೂ ನೆಲ ಅಲುಗಿದೆ. ಔಷಧ ತಯಾರಿಕೆಯ ನಿಯಮಾವಳಿಯಾದ ‘ಶೆಡ್ಯೂಲ್ ಎಂ’ ಪರಿಷ್ಕೃತಗೊಂಡು 2023ರ ಡಿಸೆಂಬರ್ ಅಂತ್ಯದಲ್ಲಿ ಅಧಿಸೂಚನೆಗೊಂಡು ಅಂತರರಾಷ್ಟ್ರೀಯ ಮಟ್ಟಕ್ಕೆ ಹತ್ತಿರ ಬಂದಿದೆ. ಹಾಗಿದ್ದೂ, ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಹೆರಿಗೆಯಾದ ತಾಯಂದಿರು ಸಾಲಾಗಿ ತೀರಿಕೊಂಡಾಗ ಅನುಮಾನದ ಬೆರಳು ಹೊರಳಿದ್ದು ಡ್ರಿಪ್ ಹಾಕುವ ರಿಂಗರ್ಸ್ ಲ್ಯಾಕ್ಟೇಟ್ ಬಾಟಲಿಯ ಕಡೆಗೇ. ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಬೇಕಾಯಿತು. ರಫ್ತಿನ ಘಟಕಕ್ಕೂ ಸ್ಥಳೀಯ ಟೆಂಡರಿನ ಘಟಕಕ್ಕೂ ನಡುವಿನ ಅಂತರ ಕಾನೂನಿನ ಪುಟದಲ್ಲಿ ಕಿರಿದಾಗಿದೆ. ಪ್ರಯೋಗಾಲಯದ ಬೆಂಚಿನ ಮೇಲೆ ಅಷ್ಟಾಗಿ ಅಲ್ಲ. ನುರಿತ ಮೈಕ್ರೋಬಯಾಲಜಿಸ್ಟ್‌ಗಳು ಹೊರಗೆ ಹೋಗುವುದರ ಬೆಲೆಯನ್ನು ತೆರುವವರು ಸ್ಥಳೀಯ ಆಸ್ಪತ್ರೆಗಳ ರೋಗಿಗಳೂ ಹೌದು.

ಹೊರದೇಶದಲ್ಲೂ ಈ ಕೆಲಸದ ದಿನಚರಿ ಹೊಗಳುವಂಥದ್ದಲ್ಲ. ಇನ್‌ಕ್ಯುಬೇಟರಿಗೆ ಭಾನುವಾರವಿಲ್ಲ, ಶುಕ್ರವಾರ ಇಟ್ಟ ಪ್ಲೇಟನ್ನು ಗೊತ್ತಾದ ಗಂಟೆಗಳೊಳಗೆ ಓದಲೇಬೇಕು, ಆದ್ದರಿಂದ ವಾರಾಂತ್ಯದ ಪಾಳಿ, ರಾತ್ರಿ ಪಾಳಿ ಸಾಮಾನ್ಯ. ಗಂಟೆಗಟ್ಟಲೆ ನಿಂತೇ ಕೆಲಸ, ಒಳಗೆ ನೀರು ಕುಡಿಯುವಂತಿಲ್ಲ, ಎಚ್ಚರ ತಪ್ಪಿ ವೇಗವಾಗಿ ತಿರುಗುವಂತಿಲ್ಲ. ಎಷ್ಟೋ ಕಾರ್ಖಾನೆಗಳು ಊರಾಚೆ ಇವೆ, ಬೆಳಗಿನ ಪಾಳಿಗೆ ಬಸ್ಸಿಲ್ಲ. ಡ್ರೈವಿಂಗ್ ಲೈಸೆನ್ಸ್ ಪದವಿಯಷ್ಟೇ ಮುಖ್ಯವಾಗುತ್ತದೆ. ಭಾರತದಿಂದ ಹೋದವರಿಗೆ ಹೊಸದಾಗಿ ಕಾಣುವುದು ಮೇಲಿನವರನ್ನು ಹೆಸರು ಹಿಡಿದು ಕರೆಯುವುದಲ್ಲ, ಬ್ಯಾಚು ತಡೆಹಿಡಿಯುವ ಮಾತನ್ನು ಅನಲಿಸ್ಟ್ ಹುದ್ದೆಯವರೇ ನೇರವಾಗಿ ಎತ್ತಬೇಕೆಂಬ ನಿರೀಕ್ಷೆ. ಮ್ಯಾನೇಜರ್ ಸೂಚನೆಗೆ ಕಾದು ಕುಳಿತರೆ ವಿಧೇಯತೆ ಎನ್ನುವುದಿಲ್ಲ, ಕರ್ತವ್ಯಲೋಪ ಎನ್ನುತ್ತಾರೆ.

ತಂತ್ರಜ್ಞಾನ ಈ ಕೆಲಸದ ಕೈಚಳಕದ ಭಾಗವನ್ನು ನಿಧಾನವಾಗಿ ಕಿತ್ತುಕೊಳ್ಳುತ್ತಿದೆ. ಹೊಸ ಕಾರ್ಖಾನೆಗಳು ತುಂಬುವ ಯಂತ್ರವನ್ನು ಐಸೊಲೇಟರಿನಲ್ಲಿ ಮುಚ್ಚಿ, ಹೈಡ್ರೋಜನ್ ಪೆರಾಕ್ಸೈಡ್ ಆವಿಯಿಂದ ಶುದ್ಧಮಾಡಿ, ಮನುಷ್ಯನನ್ನು ಗಾಜಿನ ಹೊರಗೆ ನಿಲ್ಲಿಸಿವೆ. ಪ್ಲೇಟುಗಳನ್ನು ತಾನೇ ಬೆಚ್ಚಗಿಟ್ಟು ಕ್ಯಾಮೆರಾದಿಂದ ಎಣಿಸುವ ಯಂತ್ರಗಳಿವೆ. ಎಣಿಸಿದವರ ಮಾತನ್ನೇ ನಂಬಬೇಕಾದ ಹಳೆಯ ತೊಡಕು ಅಲ್ಲಿಲ್ಲ, ಪ್ಲೇಟು ಚಿತ್ರವಾಗಿ ಉಳಿಯುತ್ತದೆ. ಬೆಳೆಯುವ ಜೀವಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಗುರುತಿಸುವ ಬಾಟಲಿಗಳು 14 ದಿನದ ಕಾಯುವಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸಿವೆ. ಎಣಿಸುವವರ ಸಂಖ್ಯೆ ಇದರಿಂದ ತಗ್ಗುವುದು ಖಂಡಿತ. ಕಾಲೊನಿ ಎಲ್ಲಿಂದ ಬಂತು ಎಂದು ಕಂಡುಹಿಡಿದು ಬರೆಯಬಲ್ಲವರಿಗೆ, ಹೊಸ ವಿಧಾನ ಹಳೆಯದಕ್ಕೆ ಸಮ ಎಂದು ದಾಖಲೆಯಿಂದ ತೋರಿಸಬಲ್ಲವರಿಗೆ ಬೇಡಿಕೆ ಏರುತ್ತಿದೆ.

ಕೆಲವು ಔಷಧಗಳಿಗೆ ಅರ್ಧ ಅವಧಿಯೂ ಹೆಚ್ಚೇ. ಪೆಟ್ ಸ್ಕ್ಯಾನಿಗೆ ಬಳಸುವ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ರೋಗಿಯದೇ ರಕ್ತಕಣಗಳಿಂದ ತಯಾರಿಸಿ ತಾಜಾ ಆಗಿಯೇ ಕೊಡುವ ಕೋಶ ಚಿಕಿತ್ಸೆಯ ಚೀಲಕ್ಕೆ ಕೆಲವೇ ಗಂಟೆ ಅಥವಾ ದಿನಗಳ ಆಯುಸ್ಸು. ಇವುಗಳಲ್ಲಿ ಎಂಡೋಟಾಕ್ಸಿನ್, ಗ್ರಾಮ್ ಸ್ಟೇನ್‌ನಂಥ ಬೇಗ ಮುಗಿಯುವ ಪರೀಕ್ಷೆಗಳ ಮೇಲೆ ಬಿಡುಗಡೆ ಆಗುತ್ತದೆ. ಸ್ಟೆರಿಲಿಟಿ ಫಲಿತಾಂಶ ಬರುವ ಹೊತ್ತಿಗೆ ಔಷಧ ರೋಗಿಯ ಮೈ ಸೇರಿ ಆಗಿರುತ್ತದೆ. ಕೋಶ ಚಿಕಿತ್ಸೆಯ ಬಾಟಲಿ ಪಾಸಿಟಿವ್ ಆದರೆ ಪ್ರಯೋಗಾಲಯದಿಂದ ಹೊಣೆಗಾರರ ಮೂಲಕ ಚಿಕಿತ್ಸೆ ಕೊಟ್ಟ ವೈದ್ಯರಿಗೆ ತಕ್ಷಣ ಸುದ್ದಿ ಮುಟ್ಟಬೇಕು. ಜೀವಿ ಯಾವುದು, ಯಾವ ಆಂಟಿಬಯಾಟಿಕ್ಕಿಗೆ ಬಗ್ಗುತ್ತದೆ ಎಂಬ ಮಾಹಿತಿ ಅದರ ಹಿಂದೆಯೇ ಹೋಗಬೇಕು.